ಇಷ್ಟೆಲ್ಲ ನಿರ್ಬಂಧ ಹಾಕಿದರೂ ಯುದ್ಧ ಏಕೆ ನಿಲ್ಲಲಿಲ್ಲ?

ಪ್ರಶ್ನೆ: 2022ರಿಂದ ರಷ್ಯಾ ಮೇಲೆ ಸಾವಿರಾರು ನಿರ್ಬಂಧ ಹಾಕಿದ್ದಾರೆ ಎಂದು ಓದುತ್ತಲೇ ಇದ್ದೇನೆ. ಉಕ್ರೇನ್ ಯುದ್ಧ ಮಾತ್ರ ನಿಲ್ಲಲಿಲ್ಲ. ಇರಾನ್, ಕ್ಯೂಬಾ ಕತೆಯೂ ಹೀಗೇ. ಇನ್ನೊಂದು ಕಡೆ ಅಮೆರಿಕ ಮತ್ತು ಚೀನಾ ಒಬ್ಬರ ಮೇಲೊಬ್ಬರು ನಿರ್ಬಂಧ ಹೇರುತ್ತಿದ್ದಾರೆ. ಇವು ನಿಜಕ್ಕೂ ಕೆಲಸ ಮಾಡುತ್ತವೆಯೇ? ಇನ್ನೊಂದು ವಿಷಯ. ಜಗಳ ಜೋರಾದ ತಕ್ಷಣ ಎದುರಿನ ದೇಶದ ರಾಯಭಾರ ಸಿಬ್ಬಂದಿಯನ್ನು ಹೊರಹಾಕುತ್ತಾರಲ್ಲ, ಹಾಗೆ ಮಾಡಿದರೆ ಮಾತುಕತೆ ನಡೆಯುವುದಾದರೂ ಹೇಗೆ?

ಉತ್ತರ: ಈ ಪ್ರಶ್ನೆ ತುಂಬ ಜನರ ಮನಸ್ಸಿನಲ್ಲಿದೆ. ಚುಟುಕಾಗಿ ಹೇಳಬೇಕೆಂದರೆ, ನಿರ್ಬಂಧದಿಂದ ಪೆಟ್ಟು ಬೀಳುವುದು ನಿಜ, ಆದರೆ ಪೆಟ್ಟು ತಿಂದವರು ಮನಸ್ಸು ಬದಲಿಸುತ್ತಾರೆ ಎಂಬ ಖಾತ್ರಿ ಇಲ್ಲ. ಇವೆರಡೂ ಬೇರೆ ಬೇರೆ ಮಾತು. ಸುದ್ದಿಯಲ್ಲಿ ಎರಡನ್ನೂ ಕಲಸಿಬಿಡುತ್ತಾರೆ. ರೂಬಲ್ ಬಿದ್ದ ದಿನ ನಿರ್ಬಂಧ ಗೆದ್ದಿತು ಎನ್ನುತ್ತಾರೆ, ರೂಬಲ್ ಎದ್ದ ದಿನ ಸೋತಿತು ಎನ್ನುತ್ತಾರೆ. ವರ್ಷಗಟ್ಟಲೆ ಈ ವಿಷಯ ಪಾಠ ಮಾಡಿದ ಮೇಲೆ ನನಗೆ ಇದಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಒಂದಿದೆ. ಹಾಕಿದ ನಿರ್ಬಂಧವನ್ನು ತೆಗೆಸಿಕೊಳ್ಳುವ ದಾರಿ ಎದುರಿನವರಿಗೆ ಕಾಣುತ್ತಿದೆಯಾ? ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಪೆಟ್ಟು ಬೀಳುವುದು ಎಲ್ಲಿ ಅಂತ ನೋಡೋಣ.

ವ್ಯಾಪಾರ ನಿಲ್ಲಿಸಿ ಶತ್ರುವನ್ನು ಬಗ್ಗಿಸುವ ಯೋಚನೆ ಹೊಸದೇನಲ್ಲ. ಎರಡೂವರೆ ಸಾವಿರ ವರ್ಷದ ಹಿಂದೆಯೇ ಅಥೆನ್ಸ್ ನಗರ ಪಕ್ಕದ ಮೆಗಾರ ಊರಿನ ವರ್ತಕರಿಗೆ ತನ್ನ ಬಂದರು, ಸಂತೆ ಎರಡನ್ನೂ ಮುಚ್ಚಿತ್ತು. ಆಗ ಕಾವಲು ಇದ್ದದ್ದು ಬಂದರಿನ ಬಾಗಿಲಲ್ಲಿ. ಈಗ ಆ ಕಾವಲು ಬ್ಯಾಂಕುಗಳೊಳಗೆ ಇದೆ.

ಟರ್ಕಿಯ ವ್ಯಾಪಾರಿಯೊಬ್ಬರು ಬ್ರೆಜಿಲ್‌ನಿಂದ ಕಾಫಿ ಕೊಂಡರು ಎಂದುಕೊಳ್ಳಿ. ಹಣ ಡಾಲರಿನಲ್ಲಿ ಕೊಡಬೇಕು. ಟರ್ಕಿಯ ಬ್ಯಾಂಕಿಗೂ ಬ್ರೆಜಿಲ್‌ನ ಬ್ಯಾಂಕಿಗೂ ಅಮೆರಿಕದ ಯಾವುದಾದರೂ ಬ್ಯಾಂಕಿನಲ್ಲಿ ಖಾತೆ ಇರುತ್ತದೆ. ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ಜಮಾ ಆಗುವುದು ಹೆಚ್ಚಾಗಿ ನ್ಯೂಯಾರ್ಕಿನಲ್ಲಿ. ಕಾಫಿ ಅಮೆರಿಕದ ನೆಲ ಮುಟ್ಟಲಿಲ್ಲ, ಕೊಂಡವರು, ಮಾರಿದವರು ಇಬ್ಬರೂ ಅಮೆರಿಕದವರಲ್ಲ. ಹಣ ಮಾತ್ರ ಒಂದು ಕ್ಷಣ ಅಮೆರಿಕದ ಕಾನೂನಿನ ಕೈಗೆ ಸಿಕ್ಕಿತು. ಆ ಒಂದು ಕ್ಷಣವೇ ಅಮೆರಿಕದ ನಿರ್ಬಂಧಗಳ ಮುಖ್ಯ ಬಲ.

ಅಮೆರಿಕದ ಖಜಾನೆ ಇಲಾಖೆಯಲ್ಲಿ ಓಫ್ಯಾಕ್ ಎಂಬ ಕಚೇರಿ ಇದೆ. ಅದು ಒಂದು ಕಪ್ಪುಪಟ್ಟಿ ಇಟ್ಟುಕೊಂಡಿದೆ. ಅದರಲ್ಲಿ ಹೆಸರು ಬಂದವರ ವ್ಯವಹಾರವನ್ನು ಅಮೆರಿಕದ ಬ್ಯಾಂಕು ಮುಟ್ಟುವ ಹಾಗಿಲ್ಲ. ಬೇರೆ ದೇಶದ ಬ್ಯಾಂಕು ಕದ್ದುಮುಚ್ಚಿ ನಡೆಸಿಕೊಟ್ಟರೆ ಅದಕ್ಕೂ ದಂಡ ತಪ್ಪಿದ್ದಲ್ಲ. 2014ರಲ್ಲಿ ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕು ಸುಡಾನ್, ಇರಾನ್, ಕ್ಯೂಬಾಗಳ ಡಾಲರ್ ವ್ಯವಹಾರ ನಡೆಸಿಕೊಟ್ಟಿದ್ದನ್ನು ಒಪ್ಪಿಕೊಂಡು ಸುಮಾರು 890 ಕೋಟಿ ಡಾಲರ್ ಕಟ್ಟಿತು. ಆ ಅಂಕಿ ನೋಡಿದ ಮೇಲೆ ಜಗತ್ತಿನ ಯಾವ ದೊಡ್ಡ ಬ್ಯಾಂಕಿಗೂ ಇಂಥ ಕೆಲಸಕ್ಕೆ ಧೈರ್ಯ ಬರಲಿಲ್ಲ.

ಸ್ವಿಫ್ಟ್ ಬಗ್ಗೆಯೂ ಒಂದು ಮಾತು ಹೇಳಬೇಕು. ಅದರಲ್ಲಿ ಹಣ ಹರಿಯುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಸ್ವಿಫ್ಟ್ ಬೆಲ್ಜಿಯಂನಲ್ಲಿರುವ ಒಂದು ಸಂದೇಶ ಜಾಲ. ಇವರ ಖಾತೆಯಿಂದ ಅವರ ಖಾತೆಗೆ ಇಷ್ಟು ಹಾಕಿ ಎಂದು ಬ್ಯಾಂಕುಗಳು ಒಂದಕ್ಕೊಂದು ಬರೆಯುವ ಪತ್ರ, ಅಷ್ಟೆ. 11,000ಕ್ಕೂ ಜಾಸ್ತಿ ಬ್ಯಾಂಕುಗಳು, ಹಣಕಾಸು ಸಂಸ್ಥೆಗಳು ಅದರಲ್ಲಿವೆ. ಅದರಿಂದ ಹೊರಬಿದ್ದ ಬ್ಯಾಂಕು ವ್ಯವಹಾರವನ್ನೇ ಮಾಡಲಾರದು ಎಂದೇನಿಲ್ಲ. ಆದರೆ ಪ್ರತಿಯೊಂದು ಕೆಲಸವೂ ನಿಧಾನವಾಗುತ್ತದೆ, ದುಬಾರಿಯಾಗುತ್ತದೆ. ಇರಾನಿನ ಬ್ಯಾಂಕುಗಳಿಗೆ 2012ರಲ್ಲಿ, ರಷ್ಯಾದ ಏಳು ಬ್ಯಾಂಕುಗಳಿಗೆ 2022ರ ಮಾರ್ಚಿನಲ್ಲಿ ಈ ಶಿಕ್ಷೆ ಬಂತು.

ಈ ಡಾಲರ್ ಬಲೆ ಎಷ್ಟು ಗಟ್ಟಿ ಎನ್ನುವುದಕ್ಕೆ ಒಂದು ಉದಾಹರಣೆ ಇದೆ. 2018ರಲ್ಲಿ ಅಮೆರಿಕ ಇರಾನಿನ ಅಣು ಒಪ್ಪಂದದಿಂದ ಹೊರನಡೆಯಿತು. ಬ್ರಿಟನ್, ಫ್ರಾನ್ಸ್, ಜರ್ಮನಿ ಮೂರಕ್ಕೂ ಅದು ಇಷ್ಟವಿರಲಿಲ್ಲ. ಡಾಲರ್ ಮುಟ್ಟದೆ ಇರಾನ್ ಜೊತೆ ವ್ಯಾಪಾರ ಮಾಡಲು 2019ರ ಜನವರಿಯಲ್ಲಿ ಇನ್‌ಸ್ಟೆಕ್ಸ್ ಎಂಬ ಹೊಸ ಸಂಸ್ಥೆಯನ್ನೇ ಕಟ್ಟಿದವು. ಮೂರೂ ಅಮೆರಿಕದ ಮಿತ್ರದೇಶಗಳು, ಮೂರೂ ಶ್ರೀಮಂತ ದೇಶಗಳು. ಕೊನೆಗೆ ಆ ಸಂಸ್ಥೆಯಿಂದ ಆದದ್ದು ಒಂದೇ ಒಂದು ವ್ಯವಹಾರ, 2020ರಲ್ಲಿ ಕಳಿಸಿದ ವೈದ್ಯಕೀಯ ಸಾಮಗ್ರಿ. 2023ರಲ್ಲಿ ಅದನ್ನು ಮುಚ್ಚಿದರು. ಕಾರಣ ಸರಳ. ಸರ್ಕಾರಗಳು ಹೂಂ ಎಂದರೂ ಕಂಪನಿಗಳು ಹೆದರಿದವು. ಇರಾನಿನ ಸಣ್ಣ ಮಾರುಕಟ್ಟೆಗಾಗಿ ಅಮೆರಿಕದ ದೊಡ್ಡ ಮಾರುಕಟ್ಟೆ ಕಳೆದುಕೊಳ್ಳಲು ಯಾರೂ ತಯಾರಿರಲಿಲ್ಲ.

ಈಗ ರಷ್ಯಾಕ್ಕೆ ಬರೋಣ. ಅಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕು.

2022ರ ಫೆಬ್ರವರಿ ಕೊನೆಯಲ್ಲಿ, ಯುದ್ಧ ಶುರುವಾದ ಕೆಲವೇ ದಿನಗಳಲ್ಲಿ, ಪಾಶ್ಚಾತ್ಯ ದೇಶಗಳು ರಷ್ಯಾದ ಕೇಂದ್ರ ಬ್ಯಾಂಕಿನ ವಿದೇಶಿ ಮೀಸಲು ನಿಧಿಯನ್ನು ತಡೆಹಿಡಿದವು. ಸುಮಾರು 30,000 ಕೋಟಿ ಡಾಲರ್. ಅದರಲ್ಲಿ ದೊಡ್ಡ ಪಾಲು ಬೆಲ್ಜಿಯಂನ ಯೂರೋಕ್ಲಿಯರ್ ಎಂಬ ಸಂಸ್ಥೆಯಲ್ಲಿದೆ. ಇಷ್ಟು ದೊಡ್ಡ ದೇಶದ ಮೀಸಲಿಗೆ ಹೀಗೆ ಕೈ ಹಾಕಿದ್ದು ಅದೇ ಮೊದಲು. ರಷ್ಯಾ ಈ ಮೀಸಲನ್ನು ಕೂಡಿಟ್ಟಿದ್ದೇ ಕಷ್ಟಕಾಲಕ್ಕೆಂದು. ಕಷ್ಟಕಾಲ ಬಂದಾಗ ಅದರ ಅರ್ಧದಷ್ಟು ಕೈಗೆ ಸಿಗಲಿಲ್ಲ.

ಯುದ್ಧಕ್ಕೆ ಮುಂಚೆ ಡಾಲರಿಗೆ 80ರ ಆಸುಪಾಸಿನಲ್ಲಿದ್ದ ರೂಬಲ್ ಮಾರ್ಚಿನಲ್ಲಿ 120ಕ್ಕೆ ಕುಸಿಯಿತು. ಕೇಂದ್ರ ಬ್ಯಾಂಕು ಬಡ್ಡಿ ದರವನ್ನು ಒಂದೇ ಸಲಕ್ಕೆ ಶೇ 9.5ರಿಂದ ಶೇ 20ಕ್ಕೆ ಏರಿಸಿತು. ಹೊರಗೆ ಮಾಲು ಮಾರಿದವರು ಗಳಿಸಿದ ಡಾಲರಿನಲ್ಲಿ ಶೇ 80 ಭಾಗವನ್ನು ರೂಬಲ್‌ಗೆ ಬದಲಿಸಲೇಬೇಕು ಎಂದು ಸರ್ಕಾರ ಆಜ್ಞೆ ಮಾಡಿತು. ಜನ ವಿದೇಶಕ್ಕೆ ಹಣ ಕಳಿಸುವುದಕ್ಕೆ ಮಿತಿ ಹಾಕಿತು. ಜೂನ್ ಕೊನೆಗೆ ರೂಬಲ್ 50ರ ಹತ್ತಿರ ಬಂದುಬಿಟ್ಟಿತ್ತು. ನೋಡಿ, ನಿರ್ಬಂಧ ಠುಸ್ ಆಯಿತು ಎಂದು ತುಂಬ ಜನ ಆಗ ಬರೆದರು.

ಆದರೆ ರೂಬಲ್ ಎದ್ದದ್ದು ಏಕೆ? ತೈಲ, ಅನಿಲ ಮಾರಿದ ಡಾಲರ್ ಬರುತ್ತಲೇ ಇತ್ತು, ಅದೂ ಏರಿದ ಬೆಲೆಯಲ್ಲಿ. ಆ ಡಾಲರಿನಿಂದ ಕೊಳ್ಳುವುದಕ್ಕೆ ಮಾತ್ರ ಏನೂ ಇರಲಿಲ್ಲ. ಯಂತ್ರದ ಬಿಡಿಭಾಗ, ಚಿಪ್, ಕಾರು, ಯಾವುದೂ ಮೊದಲಿನಂತೆ ಒಳಗೆ ಬರುತ್ತಿರಲಿಲ್ಲ. ಬರುವ ಡಾಲರ್ ಜಾಸ್ತಿ, ಬೇಕಾದವರು ಕಡಿಮೆ. ಹಾಗಾಗಿ ರೂಬಲ್ ಬೆಲೆ ಏರಿತು. ಆ ಏರಿಕೆಯ ಅರ್ಧ ಕಾರಣ ಆರೋಗ್ಯವಾದರೆ ಇನ್ನರ್ಧ ಕಾಯಿಲೆಯೇ. ಅದಕ್ಕೇ ಒಂದು ದಿನದ ವಿನಿಮಯ ದರ ಹಿಡಿದು ಯಾರಾದರೂ ತೀರ್ಪು ಕೊಟ್ಟರೆ ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತೇನೆ.

ತೈಲದ ವಿಷಯದಲ್ಲಿ ಪಾಶ್ಚಾತ್ಯ ದೇಶಗಳ ಕೈ ಕಟ್ಟಿಹೋಗಿತ್ತು. ಯುದ್ಧಕ್ಕೆ ಮುಂಚೆ ಯೂರೋಪ್ ಒಕ್ಕೂಟ ಹೊರಗಿನಿಂದ ತರುತ್ತಿದ್ದ ಅನಿಲದಲ್ಲಿ ಶೇ 40ಕ್ಕಿಂತ ಜಾಸ್ತಿ ರಷ್ಯಾದ್ದೇ. ರಷ್ಯಾದ ತೈಲವನ್ನು ಪೂರ್ತಿ ನಿಲ್ಲಿಸಿದರೆ ಜಗತ್ತಿನಲ್ಲಿ ತೈಲದ ಬೆಲೆ ಗಗನಕ್ಕೇರುತ್ತಿತ್ತು. ಹೇಗೋ ಹೊರಬಿದ್ದ ಸ್ವಲ್ಪವನ್ನೇ ರಷ್ಯಾ ದುಬಾರಿ ಬೆಲೆಗೆ ಮಾರಿ ಮೊದಲಿನಷ್ಟೇ ಗಳಿಸುತ್ತಿತ್ತು. ಆದ್ದರಿಂದ ಒಂದು ವಿಚಿತ್ರ ಉಪಾಯ ಹುಡುಕಿದರು. ತೈಲ ಹರಿಯಲಿ, ಆದಾಯ ಮಾತ್ರ ಇಳಿಯಲಿ. 2022ರ ಡಿಸೆಂಬರ್ 5ರಿಂದ ಜಿ7 ದೇಶಗಳು, ಯೂರೋಪ್ ಒಕ್ಕೂಟ ಮತ್ತು ಆಸ್ಟ್ರೇಲಿಯಾ ಸೇರಿ ಬ್ಯಾರಲಿಗೆ 60 ಡಾಲರ್ ಮಿತಿ ಹಾಕಿದವು.

ಮಾರುವವರು ರಷ್ಯಾದವರು, ಕೊಳ್ಳುವವರು ಇನ್ಯಾರೋ, ನಡುವೆ ಇವರು ಬೆಲೆ ನಿಗದಿ ಮಾಡುವುದು ಹೇಗೆ ಅಂತ ನಿಮಗೆ ಅನ್ನಿಸಬಹುದು. ಇಲ್ಲಿ ಹಿಡಿತ ಇದ್ದದ್ದು ಹಡಗಿನ ವಿಮೆಯಲ್ಲಿ. ಸಮುದ್ರದಲ್ಲಿ ಓಡಾಡುವ ದೊಡ್ಡ ಹಡಗುಗಳಲ್ಲಿ ಸುಮಾರು ಶೇ 90ಕ್ಕೆ ಅಪಘಾತ, ತೈಲ ಸೋರಿಕೆಯ ವಿಮೆ ಕೊಡುವುದು ಒಂದು ಡಜನ್ ವಿಮಾ ಸಂಘಗಳ ಒಂದು ಗುಂಪು. ಅವುಗಳಲ್ಲಿ ಹೆಚ್ಚಿನವು ಬ್ರಿಟನ್ ಮತ್ತು ಯೂರೋಪಿನಲ್ಲಿವೆ. ವಿಮೆ ಇಲ್ಲದ ಟ್ಯಾಂಕರನ್ನು ಎಷ್ಟೋ ಬಂದರುಗಳು ಒಳಗೇ ಬಿಡುವುದಿಲ್ಲ. 60 ಡಾಲರಿಗೆ ಅಥವಾ ಅದಕ್ಕಿಂತ ಕಡಿಮೆಗೆ ಮಾರಿದ್ದರೆ ಮಾತ್ರ ವಿಮೆ ಕೊಡಿ, ಇಲ್ಲದಿದ್ದರೆ ಬೇಡ ಎಂಬುದು ಆಗಿನ ನಿಯಮ.

ಮೊದಲ ಕೆಲವು ತಿಂಗಳು ಇದು ಕೆಲಸ ಮಾಡಿತು. ರಷ್ಯಾದ ತೈಲ ಬೇರೆಯವರ ತೈಲಕ್ಕಿಂತ ಎಷ್ಟೋ ಅಗ್ಗಕ್ಕೆ ಹೋಯಿತು. ಚೀನಾ ಮತ್ತು ಭಾರತ ದೊಡ್ಡ ಗಿರಾಕಿಗಳಾದವು. ಆಮೇಲೆ ರಷ್ಯಾ ದಾರಿ ಹುಡುಕಿತು. ಹಳೆಯ ಟ್ಯಾಂಕರುಗಳು ಒಂದೊಂದಾಗಿ ಕೈ ಬದಲಾದವು. ಮಾಲೀಕರು ಯಾರೆಂದೇ ತಿಳಿಯದ ಕಂಪನಿಗಳು, ಪದೇ ಪದೇ ಬದಲಾಗುವ ಧ್ವಜ, ನಡುಸಮುದ್ರದಲ್ಲಿ ಒಂದು ಹಡಗಿನಿಂದ ಇನ್ನೊಂದಕ್ಕೆ ತೈಲ ತುಂಬುವುದು. ಇದನ್ನೇ ಶ್ಯಾಡೋ ಫ್ಲೀಟ್ ಎನ್ನುತ್ತಾರೆ. ಗುಜರಿಗೆ ಹೋಗಬೇಕಾದ ಹಡಗುಗಳು ಸರಿಯಾದ ವಿಮೆಯೂ ಇಲ್ಲದೆ ಇಕ್ಕಟ್ಟಾದ ಜಲಸಂಧಿಗಳಲ್ಲಿ ಓಡಾಡುತ್ತಿವೆ. ಒಂದು ಒಡೆದರೆ ಆ ತೀರದ ಮೀನುಗಾರರ ಬದುಕೇ ಹೋದಂತೆ. ನಿರ್ಬಂಧದಿಂದಲೇ ಹುಟ್ಟಿದ ಅಪಾಯ ಇದು. ಇದರ ಬಗ್ಗೆ ಆಗಬೇಕಾದಷ್ಟು ಮಾತು ಆಗುತ್ತಿಲ್ಲ ಎಂಬ ಬೇಸರ ನನಗಿದೆ.

ಯೂರೋಪ್ 2025ರಲ್ಲಿ ಮಿತಿಯನ್ನು 47.6 ಡಾಲರಿಗೆ ಇಳಿಸಿತು. ಅದೇ ಅಕ್ಟೋಬರಿನಲ್ಲಿ ಅಮೆರಿಕ ರಷ್ಯಾದ ಎರಡು ದೊಡ್ಡ ತೈಲ ಕಂಪನಿಗಳಾದ ರಾಸ್‌ನೆಫ್ಟ್, ಲುಕಾಯಿಲ್‌ಗಳನ್ನು ಕಪ್ಪುಪಟ್ಟಿಗೆ ಹಾಕಿತು. ಒಬ್ಬರು ರಂಧ್ರ ಮುಚ್ಚುತ್ತಾರೆ, ಇನ್ನೊಬ್ಬರು ಹೊಸದು ಕೊರೆಯುತ್ತಾರೆ. ನಿರ್ಬಂಧ ಎಂದರೆ ಒಂದು ದಿನ ಹಾಕಿ ಮರೆಯುವ ಬೀಗ ಎಂದು ತಿಳಿಯಬಾರದು. ದಿನವೂ ಕಾಯಬೇಕಾದ ಕೆಲಸ ಅದು.

ಒಟ್ಟು ಲೆಕ್ಕ ಏನಾಯಿತು? ರಷ್ಯಾ ಕುಸಿಯಲಿಲ್ಲ. 2022ರಲ್ಲಿ ಸ್ವಲ್ಪ ಕುಗ್ಗಿದ ಆರ್ಥಿಕತೆ 2023ರಲ್ಲಿ ಮತ್ತೆ ಬೆಳೆಯಿತು. ಬೆಳೆದದ್ದು ಮುಖ್ಯವಾಗಿ ಯುದ್ಧದ ಖರ್ಚಿನಿಂದ. 2025ರ ಬಜೆಟ್ಟಿನಲ್ಲಿ ಸುಮಾರು ಮೂರನೇ ಒಂದು ಭಾಗ ರಕ್ಷಣೆಗೇ ಹೋಯಿತು. ಬಡ್ಡಿ ದರ 2024ರ ಅಕ್ಟೋಬರಿನಲ್ಲಿ ಶೇ 21 ಮುಟ್ಟಿತು. ಕಷ್ಟಕ್ಕೆಂದು ಇಟ್ಟಿದ್ದ ರಾಷ್ಟ್ರೀಯ ನಿಧಿಯಲ್ಲಿ ತಕ್ಷಣ ಬಳಸಬಹುದಾದ ಭಾಗ ಅರ್ಧಕ್ಕಿಂತ ಜಾಸ್ತಿ ಕರಗಿತು. ಅಂದರೆ ನಿರ್ಬಂಧ ಈ ಯುದ್ಧವನ್ನು ದುಬಾರಿ ಮಾಡಿದೆ. ನಿಲ್ಲಿಸುವಷ್ಟು ದುಬಾರಿ ಮಾಡಿಲ್ಲ. ನನ್ನ ಮಟ್ಟಿಗೆ ಇದೇ ಪ್ರಾಮಾಣಿಕ ಉತ್ತರ.

ನಿಲ್ಲದೇ ಇರುವುದಕ್ಕೆ ಕಾರಣ ಹಳೆಯ ಚರಿತ್ರೆಯಲ್ಲೂ ಸಿಗುತ್ತದೆ. 1980ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್, ಸೋವಿಯತ್ ಒಕ್ಕೂಟ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದಕ್ಕೆ ಶಿಕ್ಷೆಯಾಗಿ 1.7 ಕೋಟಿ ಟನ್ ಧಾನ್ಯ ಮಾರಾಟ ನಿಲ್ಲಿಸಿದರು. ಸೋವಿಯತ್ ಒಕ್ಕೂಟ ಅರ್ಜೆಂಟೀನಾದ ಕಡೆ ತಿರುಗಿತು. ನೊಂದವರು ಅಮೆರಿಕದ ರೈತರು. ಮರುವರ್ಷ ಹೊಸ ಅಧ್ಯಕ್ಷ ರೇಗನ್ ಅದನ್ನು ತೆಗೆದರು. ದೊಡ್ಡ ದೇಶಕ್ಕೆ ಬೇರೆ ಅಂಗಡಿ ಸಿಕ್ಕೇ ಸಿಗುತ್ತದೆ. ಮೇಲಾಗಿ, ತನ್ನ ಅಳಿವು ಉಳಿವಿನ ಪ್ರಶ್ನೆ ಎಂದು ಆಳುವವರು ನಂಬಿದ ವಿಷಯದಲ್ಲಿ ಅವರು ಹಣದ ನಷ್ಟಕ್ಕೆ ಬಗ್ಗುವುದು ಅಪರೂಪ.

ಇನ್ನೂ ಎರಡು ಹಳೆಯ ಘಟನೆಗಳನ್ನು ಜೊತೆಗಿಟ್ಟು ನೋಡಿ. 1935ರಲ್ಲಿ ಇಟಲಿ ಇಥಿಯೋಪಿಯಾ ಮೇಲೆ ದಾಳಿ ಮಾಡಿತು. ವಿಶ್ವಸಂಸ್ಥೆಗೆ ಮುಂಚೆ ಇದ್ದ ರಾಷ್ಟ್ರಗಳ ಒಕ್ಕೂಟ (ಲೀಗ್ ಆಫ್ ನೇಷನ್ಸ್) ನಿರ್ಬಂಧ ಹಾಕಿತು, ಆದರೆ ತೈಲವನ್ನು ಅದರಲ್ಲಿ ಸೇರಿಸಲಿಲ್ಲ. ತೈಲವಿಲ್ಲದೆ ಯುದ್ಧ ನಡೆಯುವುದಿಲ್ಲ, ಅದೊಂದನ್ನೇ ಬಿಟ್ಟರು. ಮರುವರ್ಷ ಮೇ ತಿಂಗಳಲ್ಲಿ ರಾಜಧಾನಿ ಅಡಿಸ್ ಅಬಾಬಾ ಇಟಲಿಯ ಕೈಸೇರಿತು. 1941ರ ಬೇಸಿಗೆಯಲ್ಲಿ ಅಮೆರಿಕ ಜಪಾನಿನ ವಿಷಯದಲ್ಲಿ ತದ್ವಿರುದ್ಧ ಮಾಡಿತು. ಆಸ್ತಿ ತಡೆಹಿಡಿದು ತೈಲ ಪೂರ್ತಿ ನಿಲ್ಲಿಸಿತು. ಜಪಾನಿನ ತೈಲದ ಬಹುಪಾಲು ಅಮೆರಿಕದಿಂದಲೇ ಬರುತ್ತಿತ್ತು. ಸಂಗ್ರಹ ಮುಗಿಯುವುದರೊಳಗೆ ಯುದ್ಧಕ್ಕಿಳಿಯಬೇಕು ಎಂದು ಜಪಾನಿನ ಸೇನಾ ನಾಯಕರು ತೀರ್ಮಾನಿಸಿದರು. ಡಿಸೆಂಬರ್ 7ರಂದು ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿತ್ತು. ಅರೆಮನಸ್ಸಿನ ನಿರ್ಬಂಧದಿಂದ ಅಲ್ಲಿ ಏನೂ ಆಗಲಿಲ್ಲ, ಉಸಿರು ಕಟ್ಟಿಸಿದ ನಿರ್ಬಂಧದಿಂದ ಇಲ್ಲಿ ಯುದ್ಧವೇ ಬಂತು. ನಡುವಿನ ಅಳತೆ ಎಷ್ಟು ಎನ್ನುವುದನ್ನು ಯಾರೂ ಮುಂಚಿತವಾಗಿ ಹೇಳಲಾರರು.

ಹಾಗಾದರೆ ಎಲ್ಲೂ ಗೆದ್ದೇ ಇಲ್ಲವಾ? ಗೆದ್ದಿವೆ. ಇಪ್ಪತ್ತನೇ ಶತಮಾನದ ನಿರ್ಬಂಧಗಳನ್ನು ಒಂದೊಂದಾಗಿ ಪರಿಶೀಲಿಸಿದ ಅಮೆರಿಕದ ಅರ್ಥಶಾಸ್ತ್ರಜ್ಞರ ತಂಡವೊಂದು ಮೂರರಲ್ಲಿ ಒಂದರಷ್ಟು ಸ್ವಲ್ಪವಾದರೂ ಫಲ ಕೊಟ್ಟಿವೆ ಎಂದಿತು. ಆ ಲೆಕ್ಕ ಜಾಸ್ತಿಯಾಯಿತು ಎಂದು ವಾದಿಸಿದವರೂ ಇದ್ದಾರೆ. ನನಗೆ ಲೆಕ್ಕಕ್ಕಿಂತ ಗೆದ್ದ ಕಡೆ ಏನಿತ್ತು ಎನ್ನುವುದು ಮುಖ್ಯ.

ಲಿಬಿಯಾ ನೋಡಿ. 1988ರಲ್ಲಿ ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ವಿಮಾನ ಸ್ಫೋಟವಾಗಿ 270 ಜನ ಸತ್ತರು. ಲಿಬಿಯಾದ ಇಬ್ಬರು ಆರೋಪಿಗಳನ್ನು ಒಪ್ಪಿಸಿ ಎಂದು ಕೇಳಿದರೆ ಅಲ್ಲಿ ಆಳುತ್ತಿದ್ದ ಗಡಾಫಿ ಒಪ್ಪಲಿಲ್ಲ. 1992ರಲ್ಲಿ ವಿಶ್ವಸಂಸ್ಥೆ ನಿರ್ಬಂಧ ಹಾಕಿತು. ಏಳು ವರ್ಷದ ಮೇಲೆ, 1999ರಲ್ಲಿ, ಲಿಬಿಯಾ ಆ ಇಬ್ಬರನ್ನು ವಿಚಾರಣೆಗೆ ನೆದರ್‌ಲ್ಯಾಂಡ್ಸಿಗೆ ಕಳಿಸಿಕೊಟ್ಟಿತು. ನಿರ್ಬಂಧವನ್ನು ಕೂಡಲೇ ಅಮಾನತಿನಲ್ಲಿಟ್ಟರು. 2003ರಲ್ಲಿ ಪೂರ್ತಿ ತೆಗೆದರು. ಕೇಳಿದ್ದು ಸ್ಪಷ್ಟವಾಗಿತ್ತು, ಕೊಡಬಹುದಾದದ್ದಾಗಿತ್ತು. ಕೊಟ್ಟ ಮೇಲೆ ಮಾತು ಉಳಿಸಿಕೊಂಡರು.

2015ರ ಇರಾನ್ ಒಪ್ಪಂದವೂ ಹಾಗೇ ಶುರುವಾಯಿತು. ಇರಾನ್ 300 ಕಿಲೋಗಿಂತ ಜಾಸ್ತಿ ಸಂವರ್ಧಿತ, ಅಂದರೆ ಇಂಧನಕ್ಕೋ ಬಾಂಬಿಗೋ ಆಗುವಂತೆ ಸಾಂದ್ರ ಮಾಡಿದ, ಯುರೇನಿಯಂ ಇಟ್ಟುಕೊಳ್ಳುವುದಿಲ್ಲ, ಶೇ 3.67ಕ್ಕಿಂತ ಮೇಲೆ ಸಂವರ್ಧಿಸುವುದಿಲ್ಲ ಎಂದು ಒಪ್ಪಿತು. ಇದ್ದ ಸಂಗ್ರಹದಲ್ಲಿ ಬಹುಪಾಲನ್ನು ಹಡಗಿಗೆ ತುಂಬಿ ರಷ್ಯಾಕ್ಕೆ ಕಳಿಸಿತು. 2016ರ ಜನವರಿಯಲ್ಲಿ ನಿರ್ಬಂಧ ಸಡಿಲವಾಯಿತು. ಒಪ್ಪಂದದಂತೆ ನಡೆಯುತ್ತಿದೆ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಕರು ವರದಿ ಕೊಡುತ್ತಲೇ ಇದ್ದರು. ಆದರೂ 2018ರ ಮೇ 8ರಂದು ಅಧ್ಯಕ್ಷ ಟ್ರಂಪ್ ಒಪ್ಪಂದ ಬಿಟ್ಟು ನಿರ್ಬಂಧ ವಾಪಸ್ ತಂದರು. 2021ರ ಏಪ್ರಿಲಿನಲ್ಲಿ ಇರಾನ್ ಶೇ 60ರವರೆಗೆ ಸಂವರ್ಧಿಸತೊಡಗಿತು. 2025ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳೂ ಮರಳಿದವು. ಇರಾನಿನ ಆಳ್ವಿಕೆಯ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಟೆಹ್ರಾನಿನಲ್ಲಿ ಕೂತವರು ಇದರಿಂದ ಏನು ಕಲಿತಿರಬಹುದು ಎಂದು ಒಮ್ಮೆ ಯೋಚಿಸಿ. ಕೇಳಿದ್ದು ಕೊಟ್ಟರೂ ಶಿಕ್ಷೆ ತಪ್ಪದಿದ್ದರೆ ಮುಂದಿನ ಸಲ ಕೊಡುವುದಾದರೂ ಏಕೆ?

ಶುರುವಿನಲ್ಲಿ ತೆಗೆಯುವ ದಾರಿ ಎಂದೆನಲ್ಲ, ಅದು ಇದೇ. ನಿರ್ಬಂಧ ಹಾಕುವುದು ಒಂದು ಸಹಿಯ ಕೆಲಸ. ತೆಗೆಯುವುದು ರಾಜಕೀಯವಾಗಿ ಬಲು ಕಷ್ಟ. ಶತ್ರುವಿಗೆ ಮೆತ್ತಗಾದರು ಎಂಬ ಮಾತು ಕೇಳಬೇಕಾಗುತ್ತದೆ. ಕ್ಯೂಬಾ ಮೇಲೆ 1962ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಹಾಕಿದ ವ್ಯಾಪಾರ ನಿಷೇಧ ಇವತ್ತಿಗೂ ಇದೆ. ಅಮೆರಿಕದ 1974ರ ಜಾಕ್ಸನ್-ವ್ಯಾನಿಕ್ ಕಾನೂನು ಇನ್ನೂ ಒಳ್ಳೆಯ ಉದಾಹರಣೆ. ಯಹೂದಿಗಳು ದೇಶ ಬಿಟ್ಟು ಹೋಗಲು ಬಿಡದ ಸೋವಿಯತ್ ಒಕ್ಕೂಟಕ್ಕೆ ವ್ಯಾಪಾರದ ರಿಯಾಯಿತಿ ಇಲ್ಲ ಎಂದು ಅದು ಹೇಳುತ್ತಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಆ ಹೊತ್ತಿಗಾಗಲೇ ಯಹೂದಿಗಳು ಲಕ್ಷಗಟ್ಟಲೆ ಹೊರಟಿದ್ದರು. ಕಾನೂನು ಮಾತ್ರ ರಷ್ಯಾ ಮೇಲೆ 2012ರವರೆಗೂ ಉಳಿಯಿತು. ಅದನ್ನು ತೆಗೆದ ಮಸೂದೆಯಲ್ಲೇ ಮಾಸ್ಕೋ ಜೈಲಿನಲ್ಲಿ ಸತ್ತ ತೆರಿಗೆ ಸಲಹೆಗಾರ ಮಾಗ್ನಿಟ್‌ಸ್ಕಿ ಹೆಸರಿನ ಹೊಸ ನಿರ್ಬಂಧವನ್ನೂ ಸೇರಿಸಿದರು. ಇದನ್ನೆಲ್ಲ ಮಾಸ್ಕೋದಲ್ಲಿ ಮರೆತಿಲ್ಲ. ಸೈನ್ಯ ವಾಪಸ್ ಕರೆಸಿದರೆ ನಿರ್ಬಂಧ ತೆಗೆಯುತ್ತೇವೆ ಎಂದು ಇಂದು ಹೇಳಿದರೂ ಅವರು ನಂಬುವುದು ಕಷ್ಟ.

ಜನರ ಕಷ್ಟದ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳದೆ ಇರಲಾರೆ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತ್ ಮೇಲೆ ನುಗ್ಗಿದಾಗ ವಿಶ್ವಸಂಸ್ಥೆ ಹೆಚ್ಚುಕಡಿಮೆ ಎಲ್ಲ ವ್ಯಾಪಾರವನ್ನೂ ನಿಲ್ಲಿಸಿತು. ಸದ್ದಾಂ ಹುಸೇನರ ಅರಮನೆಗಳಿಗೆ ಅದು ತಟ್ಟಲಿಲ್ಲ. ತಟ್ಟಿದ್ದು ನೀರು ಶುದ್ಧಿ ಮಾಡುವ ಘಟಕಗಳಿಗೆ, ಆಸ್ಪತ್ರೆಗಳಿಗೆ, ಸಂಬಳ ನಂಬಿದ ಶಿಕ್ಷಕರಿಗೆ. ತೈಲ ಮಾರಿ ಆಹಾರ ಕೊಳ್ಳುವ ವ್ಯವಸ್ಥೆ ಜಾರಿಗೆ ಬಂದದ್ದು 1996ರ ಕೊನೆಗೆ. ಅಲ್ಲಿ ವಿಶ್ವಸಂಸ್ಥೆಯ ನೆರವಿನ ಕೆಲಸ ನೋಡಿಕೊಳ್ಳುತ್ತಿದ್ದ ಡೆನಿಸ್ ಹಾಲಿಡೇ 1998ರಲ್ಲಿ, ಅವರ ನಂತರ ಬಂದ ಹಾನ್ಸ್ ವಾನ್ ಸ್ಪೊನೆಕ್ 2000ದಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಇಂಥ ಶಿಕ್ಷೆಯಲ್ಲಿ ತಮಗೆ ಪಾಲು ಬೇಡ ಎಂಬುದು ಇಬ್ಬರ ನಿಲುವಾಗಿತ್ತು. ಆಳುವವರ ಆಸ್ತಿ, ಪ್ರಯಾಣ, ಕಂಪನಿಗಳನ್ನು ಗುರಿ ಮಾಡುವ ಈಗಿನ ನಿರ್ಬಂಧಗಳು ಬಂದದ್ದು ಆ ಪಾಠದಿಂದಲೇ. ಅವೂ ಪೂರ್ತಿ ಶುದ್ಧವಲ್ಲ. ಇರಾನಿಗೆ ಔಷಧಿ ಮಾರುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಆ ಹಣ ಸಾಗಿಸಲು ಮಾತ್ರ ಬ್ಯಾಂಕುಗಳು ಒಪ್ಪುವುದಿಲ್ಲ. ಸುಮ್ನೆ ತೊಂದರೆ ಏಕೆ ಎಂದು ದೂರ ಉಳಿಯುತ್ತವೆ. ರೋಗಿಗೆ ಔಷಧಿ ಸಿಗದೇ ಹೋಗುವುದು ಹೀಗೆ.

ಅಮೆರಿಕ ಮತ್ತು ಚೀನಾ ಕತೆಯೇ ಬೇರೆ. ಇಲ್ಲಿ ಇಬ್ಬರ ಕೈಯಲ್ಲೂ ಇನ್ನೊಬ್ಬರ ಜುಟ್ಟು ಇದೆ. 2019ರಲ್ಲಿ ಅಮೆರಿಕ ಚೀನಾದ ಹುವಾವೇ ಕಂಪನಿಯನ್ನು ರಫ್ತು ನಿರ್ಬಂಧದ ಪಟ್ಟಿಗೆ ಸೇರಿಸಿತು. 2022ರ ಅಕ್ಟೋಬರ್ 7ರಂದು ಅತ್ಯುತ್ತಮ ಚಿಪ್‌ಗಳನ್ನೂ ಅವನ್ನು ಮಾಡುವ ಯಂತ್ರಗಳನ್ನೂ ಚೀನಾಕ್ಕೆ ಕೊಡಬಾರದು ಎಂದಿತು. ಅತಿ ಸೂಕ್ಷ್ಮ ಚಿಪ್‌ಗೆ ಬೇಕಾದ ಬೆಳಕಿನ ಯಂತ್ರವನ್ನು ಮಾಡುವ ಕಂಪನಿ ಜಗತ್ತಿನಲ್ಲಿ ಒಂದೇ, ನೆದರ್‌ಲ್ಯಾಂಡ್ಸಿನ ಎಎಸ್‌ಎಂಎಲ್. ಆ ಯಂತ್ರ ಚೀನಾಕ್ಕೆ ಮಾರಾಟವಾಗಿಯೇ ಇಲ್ಲ. ಚೀನಾ ಹಿಂದೆ ಬಿತ್ತು, ಆದರೆ ಸುಮ್ಮನೆ ಕೂರಲಿಲ್ಲ. 2023ರಲ್ಲಿ ಹುವಾವೇ ಚೀನಾದಲ್ಲೇ ಮಾಡಿದ 7 ನ್ಯಾನೋಮೀಟರ್ ಚಿಪ್ ಇರುವ ಫೋನು ತಂದಿತು.

ಚೀನಾದ ಕೈಯಲ್ಲಿರುವುದು ಅಪರೂಪದ ಖನಿಜಗಳು. ವಿದ್ಯುತ್ ಕಾರಿನ ಮೋಟಾರಿನಿಂದ ಕ್ಷಿಪಣಿಯವರೆಗೆ ಎಲ್ಲಕ್ಕೂ ಬೇಕಾದ ಆಯಸ್ಕಾಂತ ಇವುಗಳಿಂದಲೇ ಆಗುತ್ತದೆ. ನೆಲದಿಂದ ತೆಗೆಯುವುದು ಬೇರೆ ದೇಶಗಳಲ್ಲೂ ನಡೆಯುತ್ತದೆ. ಶುದ್ಧಿ ಮಾಡುವ ಕೆಲಸದಲ್ಲಿ ಸುಮಾರು ಶೇ 90 ಭಾಗ ಚೀನಾದ್ದೇ. 2025ರ ಏಪ್ರಿಲಿನಲ್ಲಿ ಅಮೆರಿಕ ಚೀನಾದ ಮಾಲಿನ ಮೇಲೆ ಸುಂಕವನ್ನು ಶೇ 145ಕ್ಕೆ ಏರಿಸಿತು, ಚೀನಾ ಶೇ 125ಕ್ಕೆ. ಅದೇ ಹೊತ್ತಿಗೆ ಚೀನಾ ಇಂಥ ಏಳು ಲೋಹಗಳ ರಫ್ತಿಗೆ ಪರವಾನಗಿ ಬೇಕು ಎಂದಿತು. ಕೆಲವೇ ವಾರಗಳಲ್ಲಿ ಬೇರೆ ಬೇರೆ ದೇಶಗಳ ಕೆಲವು ಕಾರು ಕಾರ್ಖಾನೆಗಳಲ್ಲಿ ಕೆಲಸ ನಿಂತಿತು. ಮೇ ತಿಂಗಳಲ್ಲಿ ಜಿನೀವಾದಲ್ಲಿ ಕೂತು ಸುಂಕ ಇಳಿಸಿದರು. ಅಕ್ಟೋಬರಿನಲ್ಲಿ ಮತ್ತೆ ಬಿಗಿಯಾಯಿತು. ಅದೇ ತಿಂಗಳ 30ರಂದು ದಕ್ಷಿಣ ಕೊರಿಯಾದ ಬುಸಾನಿನಲ್ಲಿ ಟ್ರಂಪ್ ಮತ್ತು ಚೀನಾದ ಅಧ್ಯಕ್ಷ ಷಿ ಭೇಟಿಯಾಗಿ ಹೊಸ ನಿಯಮಗಳನ್ನು ಒಂದು ವರ್ಷ ಮುಂದಕ್ಕೆ ಹಾಕಿದರು. ಇಲ್ಲಿ ಗೆಲ್ಲುವವರು ಯಾರು ಎಂದು ಕೇಳಿದರೆ ನಾನು ಯಾರ ಹೆಸರೂ ಹೇಳುವುದಿಲ್ಲ. ಇಬ್ಬರೂ ಇನ್ನೊಬ್ಬರ ಹಂಗು ಬೇಡವೆಂದು ಎಲ್ಲವನ್ನೂ ತಾವೇ ಮಾಡಿಕೊಳ್ಳಲು ಓಡುತ್ತಿದ್ದಾರೆ. ಹಂಗು ಕಡಿಮೆಯಾದಷ್ಟೂ ಜಗಳಕ್ಕೆ ಇರುವ ತಡೆಯೂ ಕಡಿಮೆಯಾಗುತ್ತದೆ ಎಂಬುದೇ ನನ್ನ ಭಯ.

ಕೊನೆಯದಾಗಿ ರಾಯಭಾರ ಸಿಬ್ಬಂದಿಯ ವಿಷಯ. 1961ರ ವಿಯೆನ್ನಾ ಒಪ್ಪಂದದ 9ನೇ ವಿಧಿಯಂತೆ ಯಾವ ದೇಶವೂ ಕಾರಣ ಹೇಳದೆ ಬೇರೆ ದೇಶದ ರಾಜತಾಂತ್ರಿಕರನ್ನು ಬೇಡದ ವ್ಯಕ್ತಿ ಎಂದು ಸಾರಬಹುದು. ಅವರನ್ನು ಬಂಧಿಸುವ ಹಾಗಿಲ್ಲ, ವಿಚಾರಣೆ ಮಾಡುವ ಹಾಗಿಲ್ಲ. ಆದ್ದರಿಂದ ಹೊರಗೆ ಕಳಿಸುವುದೇ ಉಳಿದ ದಾರಿ. ಹೊರಟವರಲ್ಲಿ ಎಷ್ಟೋ ಜನ ರಾಜತಾಂತ್ರಿಕರ ವೇಷದ ಗೂಢಚಾರರೇ ಆಗಿರುತ್ತಾರೆ. ಬ್ರಿಟನ್ 1971ರಲ್ಲಿ ಒಟ್ಟು 105 ಸೋವಿಯತ್ ಅಧಿಕಾರಿಗಳನ್ನು ಹೊರಗಿಟ್ಟಿದ್ದು ಇದೇ ಕಾರಣಕ್ಕೆ. 2018ರಲ್ಲಿ ಸಾಲ್ಸ್‌ಬರಿಯಲ್ಲಿ ಬ್ರಿಟನ್ ಪರ ಕೆಲಸ ಮಾಡಿದ್ದ ರಷ್ಯಾದ ಮಾಜಿ ಗೂಢಚಾರ ಸ್ಕ್ರಿಪಾಲ್ ಮತ್ತು ಅವರ ಮಗಳಿಗೆ ವಿಷ ಹಾಕಿದ ಪ್ರಕರಣದಲ್ಲಿ ಬ್ರಿಟನ್ ರಷ್ಯಾದ 23 ಜನರನ್ನು, ಅಮೆರಿಕ 60 ಜನರನ್ನು ಕಳಿಸಿ ಸಿಯಾಟಲ್‌ನ ರಷ್ಯಾ ಕಾನ್ಸುಲೇಟ್ ಮುಚ್ಚಿಸಿತು. ರಷ್ಯಾ 60 ಅಮೆರಿಕನ್ನರನ್ನೇ ಕಳಿಸಿ ಸೇಂಟ್ ಪೀಟರ್ಸ್‌ಬರ್ಗಿನದನ್ನು ಮುಚ್ಚಿಸಿತು. 2020ರಲ್ಲಿ ಅಮೆರಿಕ ಹ್ಯೂಸ್ಟನ್‌ನ ಚೀನಾ ಕಾನ್ಸುಲೇಟ್ ಮುಚ್ಚಿಸಿದಾಗ ಚೀನಾ ಚೆಂಗ್ಡುವಿನ ಅಮೆರಿಕದ್ದನ್ನು ಮುಚ್ಚಿಸಿದ್ದೂ ಹಾಗೇ. ಇಷ್ಟಕ್ಕೆ ಇಷ್ಟೇ ಎಂಬ ಈ ಲೆಕ್ಕಾಚಾರ ಮಕ್ಕಳ ಜಗಳದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಅದರಲ್ಲಿ ಒಂದು ಸಂದೇಶ ಇರುತ್ತದೆ. ನಿಮ್ಮಷ್ಟೇ ಮಾಡಿದ್ದೇವೆ, ಇದಕ್ಕಿಂತ ಮುಂದೆ ಹೋಗುವ ಇರಾದೆ ನಮಗಿಲ್ಲ ಎಂದು.

ಬೆಲೆಯಂತೂ ಇದೆ. 1986ರಲ್ಲಿ ಇಂಥದೇ ಜಗಳದಲ್ಲಿ ಸೋವಿಯತ್ ಸರ್ಕಾರ ಅಮೆರಿಕದ ಕಚೇರಿಗಳಲ್ಲಿ ಕೆಲಸಕ್ಕಿದ್ದ 260 ಸ್ಥಳೀಯರನ್ನು ವಾಪಸ್ ಕರೆಸಿಕೊಂಡಿತು. ಚಾಲಕರಿಂದ ಅಡುಗೆಯವರವರೆಗೆ ಎಲ್ಲರೂ ಹೋದರು. ರಾಜತಾಂತ್ರಿಕರೇ ಕಸ ಗುಡಿಸಿ, ಲಾರಿ ಓಡಿಸಿದರು. ಈಗಲೂ ಸಿಬ್ಬಂದಿ ಕಡಿಮೆಯಾದ ಕಡೆ ಮೊದಲು ನಿಲ್ಲುವುದು ವೀಸಾ. ವಿದ್ಯಾರ್ಥಿಗಳು, ಎರಡೂ ದೇಶಗಳಲ್ಲಿ ಹಂಚಿಹೋದ ಕುಟುಂಬಗಳು ಪರದಾಡುತ್ತವೆ.

ಆದರೂ ಮಾತು ಪೂರ್ತಿ ನಿಲ್ಲುವುದಿಲ್ಲ. ಅಮೆರಿಕ ಮತ್ತು ಇರಾನ್ ನಡುವೆ 1980ರಿಂದ ರಾಜತಾಂತ್ರಿಕ ಸಂಬಂಧವೇ ಇಲ್ಲ. ಟೆಹ್ರಾನಿನಲ್ಲಿ ಅಮೆರಿಕದ ಕೆಲಸ ನೋಡಿಕೊಳ್ಳುವ ಹೊಣೆ ಸ್ವಿಟ್ಜರ್‌ಲ್ಯಾಂಡ್ ಹೊತ್ತಿತು. 2020ರ ಜನವರಿಯಲ್ಲಿ ಅಮೆರಿಕ ಇರಾನಿನ ಸೇನಾಧಿಕಾರಿ ಸುಲೈಮಾನಿ ಅವರನ್ನು ಕೊಂದಾಗ ಎರಡೂ ಕಡೆಯ ಸಂದೇಶಗಳು ಓಡಾಡಿದ್ದು ಸ್ವಿಸ್ ರಾಯಭಾರ ಕಚೇರಿಯ ಮೂಲಕವೇ. ಉಳಿದ ಕಡೆ ಈ ಕೆಲಸವನ್ನು ಒಮ್ಮೊಮ್ಮೆ ಗುಪ್ತಚರ ಸಂಸ್ಥೆಗಳೇ ಮಾಡುತ್ತವೆ. 2024ರ ಆಗಸ್ಟ್ 1ರಂದು ಟರ್ಕಿಯ ಅಂಕಾರಾ ವಿಮಾನ ನಿಲ್ದಾಣದಲ್ಲಿ 24 ಕೈದಿಗಳ ವಿನಿಮಯ ನಡೆಯಿತು. ರಷ್ಯಾದ ಜೈಲಿನಲ್ಲಿದ್ದ ಅಮೆರಿಕದ ಪತ್ರಕರ್ತ ಇವಾನ್ ಗರ್ಷ್‌ಕೋವಿಚ್ ಮನೆಗೆ ಹೋದರು. ಬರ್ಲಿನ್‌ನಲ್ಲಿ ಕೊಲೆ ಮಾಡಿ ಜರ್ಮನಿಯ ಜೈಲಿನಲ್ಲಿದ್ದ ವಾದಿಮ್ ಕ್ರಾಸಿಕೊವ್ ಮಾಸ್ಕೋಗೆ ಹೋದ. ಆ ಮಾತುಕತೆ ತಿಂಗಳುಗಟ್ಟಲೆ ತೆರೆಮರೆಯಲ್ಲಿ ನಡೆದಿತ್ತು. ರಷ್ಯಾ ಮೇಲಿನ ನಿರ್ಬಂಧಗಳು ಆ ದಿನವೂ ಹಾಗೇ ಇದ್ದವು.